ಗಾಳ ಹಾಕುವ ಮುನ್ನ

ಉತ್ತರ ಅಮೆರಿಕದ ಕಾಡುಸರೋವರಗಳಲ್ಲಿ ದೋಣಿಯೊಂದನ್ನು ತೇಲಿಬಿಟ್ಟು, ತಾವರೆಯೆಲೆಗಳ ಅಂಚಿಗೆ ಗಾಳವೆಸೆದು, ಬಾಸ್ ಮೀನಿಗಾಗಿ ಗಂಟೆಗಟ್ಟಲೆ ಕಾಯುವವರ ದೃಶ್ಯಗಳನ್ನು ಮೊಬೈಲಿನಲ್ಲಿ ನೋಡಿ ಮೆಚ್ಚುವ ತರುಣರು ಸೋಲಾಪುರ, ಅಕ್ಕಲಕೋಟೆಗಳಲ್ಲಿಯೂ ಇದ್ದಾರೆ. ಉಜನಿಯ ಹಿನ್ನೀರು, ಹಿಪ್ಪರಗಿಯ ಏಕರೂಖ ಕೆರೆ, ಬೋರಿ ನದಿಯ ಕುರನೂರು ಜಲಾಶಯಗಳಂಥ ವಿಶಾಲವಾದ ನೀರು ಹತ್ತಿರದಲ್ಲಿಯೇ ಇರುವಾಗ ಈ ಹವ್ಯಾಸ ಅವರನ್ನು ಸೆಳೆದರೆ ಅಚ್ಚರಿಯಿಲ್ಲ. ಆದರೆ ಆ ದೇಶದಿಂದ ಕಲಿಯಬೇಕಾದುದು ಅಲ್ಲಿಯ ಕೋಲನ್ನಾಗಲಿ ಮೀನನ್ನಾಗಲಿ ಅಲ್ಲ. ಮೀನು ಹಿಡಿಯುವವನು ತನಗೆ ತಾನೇ ಹಾಕಿಕೊಳ್ಳುವ ಮಿತಿಯನ್ನು.

ಅಗಲಬಾಯಿಯ ಬಾಸ್ ಮೀನು ಜೊಂಡಿನ ಮರೆಯಲ್ಲಿ ಅಡಗಿದ್ದು, ಬೇಟೆ ಸಮೀಪಿಸಿದೊಡನೆ ಮೇಲೆರಗುತ್ತದೆ. ಇಷ್ಟು ಕ್ರೂರವಾದ ಬೇಟೆಗಾರನು ವಸಂತದಲ್ಲಿ ತಾಯಿಯಂತಾಗುತ್ತಾನೆ. ಗಂಡುಮೀನು ತಳದಲ್ಲಿ ಗೂಡು ಮಾಡಿ ಮೊಟ್ಟೆ ಮರಿಗಳನ್ನು ಕಾಯುತ್ತದೆ. ಆಗ ಅದನ್ನು ಹಿಡಿದರೆ ಗೂಡು ಅನಾಥವಾಗಿ, ಇತರ ಮೀನುಗಳು ಮರಿಗಳನ್ನು ನುಂಗಿಬಿಡುತ್ತವೆ. ಆದುದರಿಂದಲೇ ಕೆನಡಾದ ಒಂಟಾರಿಯೊ ಪ್ರಾಂತ್ಯದ ಹಲವು ಭಾಗಗಳಲ್ಲಿ ಜೂನ್ ತಿಂಗಳ ಉತ್ತರಾರ್ಧದವರೆಗೆ ಬಾಸ್ ಹಿಡಿಯುವಂತಿಲ್ಲ. ಆ ಸರೋವರಗಳ ಶಾಂತಿಯ ಹಿಂದೆ ಇಂಥ ನಿಯಮಗಳ ಕಾವಲಿದೆ.

ಬಾಸ್ ಮೀನಿನ ಈ ಗುಣಗಳೆಲ್ಲವೂ ಇಲ್ಲಿಯ ನೀರಿನ ಒಂದು ಮೀನಿನಲ್ಲಿವೆ. ಮರಾಠಿಯಲ್ಲಿ ಅದಕ್ಕೆ ‘ಮರಳ’ ಎನ್ನುತ್ತಾರೆ. ಹಾವಿನಂಥ ತಲೆ, ಅಗಲವಾದ ಬಾಯಿ, ಪಾಚಿ ಜೊಂಡುಗಳ ನಡುವಿನ ವಾಸ. ಕಪ್ಪೆ, ಕಿರುಮೀನುಗಳೇ ಆಹಾರ. ಮಳೆಗಾಲದಲ್ಲಿ ಮರಿಗಳ ಹಿಂಡು ನೀರಿನ ಮೇಲ್ಮೈಯಲ್ಲಿ ಕೆಂಪಾಗಿ ಚಲಿಸುವಾಗ ತಂದೆತಾಯಿ ಮೀನುಗಳು ಅದರ ಕೆಳಗೇ ಕಾವಲಿರುತ್ತವೆ. ಆ ಕಾವಲೇ ಅವುಗಳಿಗೆ ಮುಳುವಾಗುತ್ತದೆ. ಹಿಂಡು ಕಂಡಲ್ಲಿ ಗಾಳ ಬಿಟ್ಟರೆ ದೊಡ್ಡ ಮೀನು ಸುಲಭವಾಗಿ ಸಿಕ್ಕುತ್ತದೆ. ಒಂದು ಮೀನು ಬುಟ್ಟಿಗೆ ಬೀಳುವುದರೊಂದಿಗೆ ಮುಂದಿನ ವರ್ಷದ ನೂರಾರು ಮೀನುಗಳು ಇಲ್ಲವಾಗುತ್ತವೆ. ನಿರ್ಜನವಾದ ದಂಡೆಯಲ್ಲಿ ಇದನ್ನು ತಡೆಯಲು ಯಾವ ಅಧಿಕಾರಿಯೂ ಇರಲಾರನು. ಹಿಡಿಯುವವನ ವಿವೇಕವೊಂದೇ ಅಲ್ಲಿಯ ಕಾನೂನು.

ಹೊರಗಿನ ಮೀನನ್ನು ತಂದುಬಿಡುವ ಉತ್ಸಾಹಕ್ಕೂ ಇದೇ ವಿವೇಕ ಬೇಕು. ಜಪಾನಿನ ಆಶಿ ಸರೋವರಕ್ಕೆ 1925ರಲ್ಲಿ ತಂದ ಬಾಸ್ ಮೀನು ಕಾಲಕ್ರಮದಲ್ಲಿ ದೇಶದ ನೀರಿನಲ್ಲೆಲ್ಲ ಹಬ್ಬಿ ಸ್ಥಳೀಯ ಮೀನುಗಳನ್ನು ತಿಂದುಹಾಕಿತು; 2005ರಲ್ಲಿ ಅದನ್ನು ಸಾಕುವುದನ್ನೂ ಸಾಗಿಸುವುದನ್ನೂ ಬಿಡುವುದನ್ನೂ ಕಾನೂನಿನಿಂದ ನಿಷೇಧಿಸಬೇಕಾಯಿತು. ಭಾರತಕ್ಕೆ 1952ರಲ್ಲಿ ಬಂದ ತಿಲಾಪಿಯಾ ಇಂದು ‘ಚಿಲಾಪಿ’ ಎಂಬ ಹೆಸರಿನಲ್ಲಿ ಉಜನಿಯನ್ನೇ ಆಳುತ್ತಿದೆ. ಆಫ್ರಿಕಾದ ಮಾಗೂರನ್ನು ಕೇಂದ್ರ ಸರಕಾರ 2000ರಲ್ಲಿಯೇ ನಿಷೇಧಿಸಿದರೂ ಅದರ ಗುಪ್ತ ಸಾಕಣೆ ನಿಂತಿಲ್ಲ. ನೀರಿಗೆ ಒಮ್ಮೆ ಬಿಟ್ಟ ಮೀನನ್ನು ಮರಳಿ ಕರೆಯಲಾಗುವುದಿಲ್ಲ.

ಇಲ್ಲಿಯೇ ಒಂದು ಆಕ್ಷೇಪ ಏಳುತ್ತದೆ. ಉಜನಿಯ ಎಷ್ಟೋ ಮೀನುಗಾರರ ಒಲೆ ಉರಿಯುವುದು ಆ ಚಿಲಾಪಿಯಿಂದಲೇ. ಹೊಟ್ಟೆಪಾಡಿನವನಿಗೆ ಮಿತಿಯ ಉಪದೇಶವೇಕೆ? ಆಕ್ಷೇಪ ನ್ಯಾಯವಾದುದು. ಬಂದು ನೆಲೆಸಿದ ಚಿಲಾಪಿಯನ್ನು ಧಾರಾಳವಾಗಿ ಹಿಡಿಯಲಿ. ಅದರಿಂದ ಕೆರೆಗೂ ಹಾನಿಯಿಲ್ಲ. ಮಿತಿಯ ಮಾತು ಮೊದಲು ಅನ್ವಯಿಸಬೇಕಾದುದು ಬಿಡುವಿನ ವೇಳೆಯ ಹವ್ಯಾಸಿಗೆ. ಬಲೆ ಹಿಡಿದವನಿಗೆ ಹಸಿವಿನ ನೆಪವಾದರೂ ಉಂಟು. ಗಾಳ ಹಿಡಿದು ಹೊತ್ತು ಕಳೆಯುವವನಿಗೆ ಅದೂ ಇಲ್ಲ. ಕೆರೆ ಬರಿದಾದರೆ ಹವ್ಯಾಸಿ ಬೇರೆ ಕೆರೆಗೆ ಹೋದಾನು. ಮೀನುಗಾರನಿಗೆ ಹೋಗಲು ಬೇರೆ ಕೆರೆಯಿಲ್ಲ.

ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಉತ್ತರದ ಆ ಸರೋವರಗಳಲ್ಲಿ ಬಹಳಷ್ಟು ಹಿಮಗಡ್ಡೆಗಳು ನೆಲವನ್ನು ಕೊರೆದು ಬಿಟ್ಟುಹೋದವು; ಬರದ ಈ ಸೀಮೆಯ ಕೆರೆಗಳು ಮನುಷ್ಯರು ಮಣ್ಣು ಹೊತ್ತು ಕಟ್ಟಿದವು. ಸೊನ್ನಲಿಗೆಯ ಸಿದ್ಧರಾಮೇಶ್ವರರು 12ನೆಯ ಶತಮಾನದಲ್ಲಿ ಕೆರೆ ಕಟ್ಟಿಸುವುದನ್ನೇ ಶಿವಪೂಜೆಯೆಂದು ಬಗೆದರು. ಬೋರಿ ನದಿಗೆ ನಳದುರ್ಗದಲ್ಲಿ ಆದಿಲಶಾಹಿಗಳು ಅಣೆಕಟ್ಟು ಕಟ್ಟಿದರು. ಏಕರೂಖ ಕೆರೆ 1871ರಲ್ಲಿ, ಉಜನಿ ಅಣೆಕಟ್ಟು 1980ರಲ್ಲಿ ಪೂರ್ಣಗೊಂಡವು. ಸಿದ್ಧರಾಮೇಶ್ವರರ ಕೆರೆ ಕುಡಿಯಲು ಬರುವ ಮನುಷ್ಯರಿಗೆ ಮಾತ್ರವಲ್ಲ, ದನಕರು, ಹಕ್ಕಿ, ಮೀನುಗಳಿಗೂ ಸೇರಿದುದು. ಅವರ ವಚನಗಳನ್ನು ತರಗತಿಯಲ್ಲಿ ಅರ್ಥೈಸುವ ಕನ್ನಡ ವಿದ್ಯಾರ್ಥಿಯು ಅವರ ಕೆರೆಯ ಜೀವರಾಶಿಯನ್ನು ಕುರಿತು ಅಜ್ಞಾನಿಯಾಗಿದ್ದರೆ ಆ ಓದು ಅರ್ಧವೇ.

ಆದುದರಿಂದ ಗಾಳ ಹಿಡಿಯಲಿಚ್ಛಿಸುವ ತರುಣನು ಮೂರು ನೇಮಗಳನ್ನು ಪಾಲಿಸಲಿ. ಮಳೆಗಾಲದಲ್ಲಿ ಮರಿಗಳ ಹಿಂಡು ಕಂಡಲ್ಲಿ ಗಾಳವನ್ನು ಎತ್ತಿಕೊಳ್ಳಲಿ. ಹೊರಗಿನ ಯಾವ ಮೀನನ್ನೂ, ಮನೆಯ ಗಾಜಿನ ತೊಟ್ಟಿಯದನ್ನೂ ಸಹ, ಕೆರೆಗೆ ಬಿಡದಿರಲಿ. ತುಂಡಾದ ನೈಲಾನ್ ದಾರವನ್ನು ದಂಡೆಯಲ್ಲಿ ಬಿಟ್ಟು ಬಾರದಿರಲಿ. ಹಕ್ಕಿಯ ಕಾಲಿಗೆ ಅದು ಉರುಳಾಗುತ್ತದೆ. ಇವಕ್ಕೆ ಹಣ ಬೇಕಿಲ್ಲ, ಸರಕಾರದ ಆದೇಶವೂ ಬೇಕಿಲ್ಲ. ಬೆಂಡು ಅಲುಗುವವರೆಗೆ ಕಾಯಬಲ್ಲವನು ಮರಿಗಳು ಬೆಳೆಯುವವರೆಗೂ ಕಾಯಬಲ್ಲನು.