ತಲೆಗೆ ಕಟ್ಟಿದ ಕಣ್ಣು ಯಾರದ್ದು?

ಸ್ಟೌಫ್‌ವಿಲ್‌ನಲ್ಲಿ ನಮ್ಮವರ ನಾಲ್ಕು ಮನೆ ಸೇರಿದಲ್ಲೆಲ್ಲ ಈಗ ಮೂರೇ ಮಾತು: ಬಾಡಿಗೆ, ವರ್ಕ್ ಪರ್ಮಿಟ್, ಟ್ರಂಪ್ ಹಾಕಿದ ಸುಂಕ. ಇವುಗಳ ನಡುವೆ ಖಾಸಗಿತನದ ವಿಷಯ ಎತ್ತಿದರೆ ಸಿಗುವ ಉತ್ತರ ಒಂದೇ: "ಅದೆಲ್ಲ ಹೊಟ್ಟೆ ತುಂಬಿದವರ ಚಿಂತೆ ಮಾರಾಯ್ರೆ, ಅಡಗಿಸಲಿಕ್ಕೆ ನಮ್ಮಲ್ಲಿ ಎಂತ ಉಂಟು?" ಈ ಮಾತನ್ನು ನಾವು ಒಪ್ಪುವುದಿಲ್ಲ. ಬಾಡಿಗೆ, ಪರ್ಮಿಟ್, ಕೆಲಸ ಈ ಮೂರಕ್ಕೂ ಕೈ ಹಾಕುವ ವಸ್ತುವೊಂದು ಈಗ ನಮ್ಮ ತಲೆಯ ಮೇಲೆಯೇ ಬಂದು ಕೂತಿದೆ.

ನಮ್ಮ ಬಳಗದ ಒಬ್ಬ ಹುಡುಗ, ಉಪ್ಪಿನಂಗಡಿ ಕಡೆಯವನು, ಏಜೆನ್ಸಿ ಮೂಲಕ ಒಂದು ಗೋದಾಮಿನ ಕೆಲಸಕ್ಕೆ ಸೇರಿದ. ಮೊದಲ ದಿನ ತರಬೇತಿಗೆಂದು ತಲೆಗೆ ಹೆಡ್‌ಸೆಟ್ ಕಟ್ಟಿದರು. ಎದುರಿಗೆ ನಿಜವಾದ ಕಪಾಟು, ಅದರ ನಡುವೆ ಹೆಡ್‌ಸೆಟ್ ತೋರಿಸುವ ಸುಳ್ಳು ಫೋರ್ಕ್‌ಲಿಫ್ಟ್. ಇದಕ್ಕೇ ಮಿಕ್ಸೆಡ್ ರಿಯಾಲಿಟಿ ಎನ್ನುವುದು. ಹುಡುಗನಿಗೆ ಖುಷಿಯೇ ಆಯಿತು. ಮರುದಿನ ಸೂಪರ್‌ವೈಸರ್ ಹೇಳಿದ: "ನೀನು ದಾರಿ ಕಡೆ ನೋಡುವುದು ಕಡಿಮೆ, ಬಾಕಿಯವರಿಗಿಂತ ನಿಧಾನ." ಅಷ್ಟು ಲೆಕ್ಕ ಇಟ್ಟದ್ದು ಯಾರು, ಅದು ಎಷ್ಟು ದಿನ ಇರುತ್ತದೆ ಎಂದು ಇವನು ಕೇಳಿದ. ಏಜೆನ್ಸಿಯನ್ನು ಕೇಳು ಅಂದರು. ಏಜೆನ್ಸಿಯವರು ಕಂಪನಿಯನ್ನು ಕೇಳು ಅಂದರು. ಫೋನಿನಲ್ಲಿ ಬೆರಳು ಒತ್ತಿ ಸಹಿ ಮಾಡಿದ ಕಾಗದದ ಪ್ರತಿ ಇವನ ಕೈಯಲ್ಲಿಲ್ಲ. ಮುಂದಿನ ವಾರ ಶಿಫ್ಟ್ ಬರಲಿಲ್ಲ. ಪ್ರಶ್ನೆ ಕೇಳಿದ್ದಕ್ಕೇ ಶಿಫ್ಟ್ ಹೋಯಿತೆನ್ನಲು ನಮ್ಮಲ್ಲಿ ಪುರಾವೆ ಇಲ್ಲ. ಅಲ್ಲ ಎನ್ನಲು ಅವರೂ ಒಂದು ಕಾಗದ ತೋರಿಸಿಲ್ಲ.

ಇದೂ ಫೋನಿನ ಹಾಗೇ ಅಲ್ಲವಾ ಎಂದು ಕೇಳುವವರಿದ್ದಾರೆ. ಅಲ್ಲ. ಫೋನನ್ನು ಕಿಸೆಗೆ ಹಾಕಿದರೆ ಅದರ ಕ್ಯಾಮೆರಾಕ್ಕೆ ಕಾಣುವುದು ಕತ್ತಲೆ. ಹೆಡ್‌ಸೆಟ್ ಕೆಲಸ ಮಾಡಬೇಕಾದರೆ ನೋಡುತ್ತಲೇ ಇರಬೇಕು. ಕೋಣೆಯ ಗೋಡೆ, ಮೇಜು, ಎದುರು ನಿಂತ ಮನುಷ್ಯ, ನಮ್ಮ ಕೈಯ ಚಲನೆ, ಕೆಲವು ಮಾದರಿಗಳಲ್ಲಿ ಕಣ್ಣುಗುಡ್ಡೆ ತಿರುಗಿದ ದಿಕ್ಕು, ಎಲ್ಲವನ್ನೂ ಅಳೆಯಬೇಕು. ಹೆಸರು ತೆಗೆದು ಹಾಕಿದ್ದೇವೆ, ಹೆದರಬೇಡಿ ಎನ್ನುತ್ತಾರೆ. 2023ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 'ಬೀಟ್ ಸೇಬರ್' ಎಂಬ ಆಟ ಆಡುವ 50,000ಕ್ಕೂ ಹೆಚ್ಚು ಜನರ ತಲೆ ಮತ್ತು ಕೈಯ ಚಲನೆಯನ್ನು ಪರೀಕ್ಷಿಸಿದರು. ಬರೀ 100 ಸೆಕೆಂಡಿನ ಚಲನೆ ಸಾಕಾಯಿತು, ನೂರಕ್ಕೆ 94 ಸಲ ಇಂಥವನೇ ಎಂದು ಗುರುತು ಸಿಕ್ಕಿತು. ಹೆಸರು ತೆಗೆದು ಏನು ಪ್ರಯೋಜನ? ಗೋಣಿ ಹೊತ್ತು ಬಗ್ಗಿದ ಬೆನ್ನು, ತಿರುಗದ ಕುತ್ತಿಗೆ, ಇವೂ ಚಲನೆಯೇ. ನಾಳೆ ಆ ಲೆಕ್ಕ ಯಾರ ಮೇಜಿಗೆ ಹೋಗುತ್ತದೆ?

ಕಂಪನಿಗಳ ಭರವಸೆಯ ಬೆಲೆ ಎಷ್ಟೆಂದು ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮ ಪಕ್ಕದ ಮಾರ್ಕಮ್‌ನಲ್ಲಿ ಮಾರ್ಕ್‌ವಿಲ್ ಮಾಲ್ ಇದೆ, ಈದ್ ಬಟ್ಟೆಗೆ ನಮ್ಮವರೂ ಹೋಗುವ ಜಾಗ. ಅದನ್ನೂ ಸೇರಿಸಿ ಕೆನಡಾದ 12 ಮಾಲ್‌ಗಳಲ್ಲಿ ಕ್ಯಾಡಿಲಾಕ್ ಫೇರ್‌ವ್ಯೂ ಕಂಪನಿ ದಾರಿ ತೋರಿಸುವ ಪರದೆಗಳ ಒಳಗೆ ಕ್ಯಾಮೆರಾ ಅಡಗಿಸಿ 50 ಲಕ್ಷ ಮುಖಚಿತ್ರ ತೆಗೆದಿತ್ತು ಎಂದು 2020ರ ಅಕ್ಟೋಬರ್‌ನಲ್ಲಿ ಖಾಸಗಿತನ ಆಯುಕ್ತರ ತನಿಖೆ ಹೇಳಿತು. ಚಿತ್ರ ಆಗಲೇ ಅಳಿಸಿದ್ದೇವೆ ಎಂದಿತ್ತು ಕಂಪನಿ. ಆದರೆ ಮುಖಗಳನ್ನು ಅಂಕಿಗೆ ಇಳಿಸಿದ ದಾಖಲೆ ಇನ್ನೊಂದು ಕಂಪನಿಯ ಬಳಿ ಉಳಿದಿತ್ತು. ದಂಡ ಎಷ್ಟು ಬಿತ್ತು? ಸೊನ್ನೆ. ದಂಡ ಹಾಕುವ ಅಧಿಕಾರವೇ ಕೇಂದ್ರದ ಆಯುಕ್ತರಿಗಿಲ್ಲ. ಭಾರೀ ದಂಡಕ್ಕೆ ದಾರಿ ಮಾಡಬೇಕಿದ್ದ ಸಿ-27 ಮಸೂದೆ, 2025ರ ಜನವರಿ 6ರಂದು ಸಂಸತ್ತಿನ ಅಧಿವೇಶನ ಮುಗಿಸಿದಾಗ ಅಲ್ಲಿಗೇ ಬಿದ್ದುಹೋಯಿತು.

ಅದು ಗಿರಾಕಿಗಳ ಕಥೆ. ಕೆಲಸಗಾರರದ್ದು ಇನ್ನೂ ಕಡೆ. ಕೇಂದ್ರದ ಖಾಸಗಿತನ ಕಾನೂನು ಬ್ಯಾಂಕ್, ವಿಮಾನ, ಪ್ರಾಂತ್ಯ ದಾಟುವ ಲಾರಿ ಇಂಥ ಕಡೆಯ ನೌಕರರಿಗೆ ಮಾತ್ರ. ಗೋದಾಮು, ಹೋಟೆಲ್, ಫ್ಯಾಕ್ಟರಿಯಲ್ಲಿ ದುಡಿಯುವವರಿಗೆ ಒಂಟಾರಿಯೋದಲ್ಲಿ ಇರುವುದು 2022ರ ಒಂದು ನಿಯಮ: 25 ಅಥವಾ ಹೆಚ್ಚು ಜನ ಇರುವ ಕಂಪನಿ, ನೌಕರರ ಮೇಲೆ ಎಲೆಕ್ಟ್ರಾನಿಕ್ ನಿಗಾ ಇಡುತ್ತೇವೋ, ಹೇಗೆ, ಯಾಕೆ ಎಂದು ಲಿಖಿತವಾಗಿ ತಿಳಿಸಬೇಕು. ಏಜೆನ್ಸಿಯಿಂದ ಬಂದವರಿಗೂ ಕೆಲಸ ಶುರುವಾದ 24 ಗಂಟೆಯೊಳಗೆ ಅದರ ಪ್ರತಿ ಕೊಡಬೇಕು. ಪ್ರತಿ ಕೊಡದಿದ್ದರೆ ದೂರು ಕೊಡಬಹುದು. ಆದರೆ ಸಂಗ್ರಹಿಸಿದ್ದನ್ನು ಹೇಗೆ ಬಳಸಿದರು ಎಂಬುದರ ಬಗ್ಗೆ ಈ ನಿಯಮದಡಿ ದೂರಿಗೆ ದಾರಿಯೇ ಇಲ್ಲ. ಕಳ್ಳ ಚೀಟಿ ಬರೆದಿಟ್ಟು ಕದ್ದರೆ ತಪ್ಪಿಲ್ಲ ಎಂದ ಹಾಗಾಯಿತು.

ಇಷ್ಟಾದರೂ ಒಟ್ಟಾವಾದಲ್ಲಿ ಗದ್ದಲ ಯಾರ ಮೇಲೆ? ನಮ್ಮ ಮೇಲೆ. 2025ರ ಸೆಪ್ಟೆಂಬರ್‌ನಲ್ಲಿ ವಿರೋಧ ಪಕ್ಷದ ಪೊಲಿಯೆವ್, ತಾತ್ಕಾಲಿಕ ವಿದೇಶಿ ಕಾರ್ಮಿಕರ ಯೋಜನೆಯನ್ನೇ ರದ್ದು ಮಾಡಿ ಎಂದರು. ಇಲ್ಲಿನ ಮಕ್ಕಳ ಕೆಲಸ ನಾವು ಕಿತ್ತುಕೊಂಡೆವಂತೆ. ಅದಕ್ಕೆ ಸುಮಾರು ಎರಡು ತಿಂಗಳ ಹಿಂದೆ ಕಾರ್ನಿ ಸರಕಾರ, ದೊಡ್ಡ ಟೆಕ್ ಕಂಪನಿಗಳ ಮೇಲಿನ ಶೇ. 3 ಡಿಜಿಟಲ್ ಸೇವಾ ತೆರಿಗೆಯನ್ನು ಮೊದಲ ಕಂತು ಬರುವ ಹಿಂದಿನ ದಿನ ಕೈಬಿಟ್ಟಿತ್ತು, ಟ್ರಂಪ್ ಮಾತುಕತೆ ನಿಲ್ಲಿಸುತ್ತೇನೆ ಎಂದದ್ದಕ್ಕೆ. ಹೆಡ್‌ಸೆಟ್ ಮಾರುವ ಮೆಟಾ, ಆ್ಯಪಲ್‌ಗಳ ಎದುರು ಬಗ್ಗುವ ಸೊಂಟ ನಮ್ಮ ಎದುರು ಮಾತ್ರ ನೆಟ್ಟಗಾಗುತ್ತದೆ.

ಗಲ್ಫ್‌ನಲ್ಲಿ ದುಡಿದ ನಮ್ಮ ಕಾಕಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಸ್‌ಪೋರ್ಟ್ ಕಫೀಲನ ಕಪಾಟಿನಲ್ಲಿ ಇದ್ದಾಗ "ಬೇಡ" ಎಂಬ ಶಬ್ದ ಬಾಯಿಗೆ ಬರುತ್ತಿರಲಿಲ್ಲ. ಇಲ್ಲಿ ಪಾಸ್‌ಪೋರ್ಟ್ ನಮ್ಮ ಕೈಯಲ್ಲೇ ಉಂಟು, ಆದರೆ ಒಬ್ಬನೇ ಯಜಮಾನನ ಹೆಸರಿಗೆ ಕಟ್ಟಿದ ಪರ್ಮಿಟ್ ಇದ್ದವನು ಹೆಡ್‌ಸೆಟ್ ಬಿಚ್ಚಿಟ್ಟರೆ ಕೆಲಸ ಹೋಗುತ್ತದೆ, ಕೆಲಸದ ಹಿಂದೆಯೇ ಪರ್ಮಿಟ್. ಅಂಥವನು ಒತ್ತಿದ ಸಹಿಗೆ ಒಪ್ಪಿಗೆ ಎನ್ನುವ ಹೆಸರು ಸಲ್ಲುವುದಿಲ್ಲ.

ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಕಾಡುತ್ತದೆ. ತಮಿಳುನಾಡಿನ ಕರೂರಿನಲ್ಲಿ ಕೆಲಸಗಾರರು ಹಣೆಗೆ ಕ್ಯಾಮೆರಾ ಕಟ್ಟಿಕೊಂಡು ಟವೆಲ್ ಮಡಚುತ್ತಾರೆ, ರೋಬೋಟ್‌ಗಳಿಗೆ ಕೈಕೆಲಸ ಕಲಿಸಲು. ಇನ್ನು ಡಿಎಚ್‌ಎಲ್ ಕಂಪನಿ ಹತ್ತು ವರ್ಷದ ಹಿಂದೆ ನೆದರ್‌ಲ್ಯಾಂಡ್ಸ್‌ನ ಗೋದಾಮಿನಲ್ಲಿ ಸ್ಮಾರ್ಟ್ ಕನ್ನಡಕ ಪ್ರಯೋಗಿಸಿ ಕೆಲಸ ಶೇ. 25 ಚುರುಕಾಯಿತೆಂದು ಹೇಳಿಕೊಂಡಿತು. ಆ ಇಪ್ಪತ್ತೈದರಲ್ಲಿ ಕನ್ನಡಕ ಹಾಕಿದವನ ಸಂಬಳಕ್ಕೆ ಎಷ್ಟು ಸೇರಬೇಕು ಎಂದು ಕೇಳುವ ಹಕ್ಕು ನಮಗೆ ಬೇಕು. ಮೂವತ್ತು ವರ್ಷ ಮೀನು ಸೀಳಿ, ಇಟ್ಟಿಗೆ ಇಟ್ಟು, ಪಾರ್ಸೆಲ್ ಎತ್ತಿ ಕಲಿತ ಕೈಚಳಕ ನಮ್ಮ ಸೊತ್ತು; ಸುರಕ್ಷತಾ ತರಬೇತಿಯ ಹೆಸರಲ್ಲಿ ಅದನ್ನು ಬಿಟ್ಟಿ ಕೊಡಲಿಕ್ಕೆ ನಾವು ತಯಾರಿಲ್ಲ. ತರಬೇತಿ ಬೇಡ ಎನ್ನುತ್ತಿಲ್ಲ. ಫೋರ್ಕ್‌ಲಿಫ್ಟ್ ಅಡಿಗೆ ಬೀಳುವ ಬದಲು ಹೆಡ್‌ಸೆಟ್‌ನಲ್ಲಿ ಕಲಿಯುವುದು ಒಳ್ಳೆಯದೇ. ಕಲಿತಾದ ಮೇಲೆ ದಾಖಲೆ ಅಳಿಸಲಿ, ಶಿಫ್ಟ್ ಹಂಚಲು, ಜನ ತೆಗೆಯಲು ಅದನ್ನು ಬಳಸದಿರಲಿ.

ನಮ್ಮ ಮನೆಯ ವಿಷಯವೂ ಒಂದಿಷ್ಟು. ಈದ್ ಊಟದ ದಿನ ನಮ್ಮದೇ ಹುಡುಗನೊಬ್ಬ ಕ್ಯಾಮೆರಾ ಇರುವ ಕನ್ನಡಕ ಹಾಕಿ ಅಡುಗೆ ಕೋಣೆಯವರೆಗೆ ಬಂದ. ಒಳಗೆ ಹೆಂಗಸರು ತಲೆವಸ್ತ್ರ ಸರಿಸಿ ನೈಪತ್ತಿರ್ ಕಾಯಿಸುತ್ತಿದ್ದರು. ವಿಡಿಯೋ ಮಾಡುವಾಗ ಸಣ್ಣ ದೀಪ ಉರಿಯುತ್ತದೆ ಎಂಬುದು ಅವನ ಸಮಾಧಾನ. ಆ ದೀಪ ಉರಿಯದ ಹಾಗೆ ದುಡ್ಡಿಗೆ ಮಾಡಿಕೊಡುವವರೂ ಇದ್ದಾರೆ. ಸಲಾಂ ಹೇಳಿ, ಅನುಮತಿ ಸಿಕ್ಕಿದ ಮೇಲೆ ಒಳಗೆ ಕಾಲಿಡಬೇಕೆಂದು ಮದ್ರಸದಲ್ಲಿ ಕಲಿತವರು ನಾವು. ಮೆಟಾ ಕಂಪನಿಯ ಸರ್ವರ್ ಯಾರಿಗೆ ಸಲಾಂ ಹೇಳಿ ಬಂತು? ಅಂದು ಉಮ್ಮಂದಿರು ಅವನನ್ನು ಹೊರಗೆ ಕಳಿಸಿದ್ದು ಸರಿ.

ಕೆಲಸದಲ್ಲಿ ಹೆಡ್‌ಸೆಟ್ ಅಥವಾ ಕ್ಯಾಮೆರಾ ಕನ್ನಡಕ ಕೊಟ್ಟರೆ ಆ ನಿಗಾ ನೀತಿಯ ಪ್ರತಿಯನ್ನು ಇಮೇಲ್‌ನಲ್ಲೇ ಕೇಳಿ, ಬಾಯಿಮಾತಲ್ಲಿ ಬೇಡ. ಸಹಿ ಮಾಡುವ ಮೊದಲು ಫೋನಿನ ಪರದೆಯ ಫೋಟೋ ತೆಗೆದು ಬಳಗಕ್ಕೆ ಕಳಿಸಿ, ಇಂಗ್ಲಿಷ್ ಬಲ್ಲವರು ಕೂತು ಓದಿ ಹೇಳುತ್ತೇವೆ. ಪರ್ಮಿಟ್‌ನ ಹೆದರಿಕೆ ಇದ್ದವರ ಪರವಾಗಿ ಪತ್ರ ಬಳಗದ ಹೆಸರಲ್ಲೇ ಹೋಗುತ್ತದೆ. ಉಪ್ಪಿನಂಗಡಿಯ ಹುಡುಗನ ಕಾಗದಕ್ಕೆ ಹಾಕಿದ ಮೊದಲ ಪತ್ರಕ್ಕೆ ಉತ್ತರ ಬಂದಿಲ್ಲ. ಎರಡನೆಯದು ಈ ವಾರ ಹೋಗುತ್ತಿದೆ.