ಅತ್ತರು ಬೇರೆ, ಮದ್ದು ಬೇರೆ

ಸುಗಂಧ ನಮ್ಮ ಮನೆಗಳಿಗೆ ಹೊಸತಲ್ಲ. ಜುಮಾಕ್ಕೆ ಹೊರಡುವ ಮುನ್ನ ಅತ್ತರು ಹಚ್ಚುತ್ತೇವೆ, ಅತಿಥಿಗಳು ಬರುವಾಗ ಊದ್ ಹೊಗೆ ಹಾಕುತ್ತೇವೆ. ಪ್ರವಾದಿವರ್ಯರು(ಸ) ಸುಗಂಧವನ್ನು ಇಷ್ಟಪಡುತ್ತಿದ್ದರು. ಆದರೆ ಈಗ 'ಅರೋಮಾಥೆರಪಿ' ಹೆಸರಲ್ಲಿ ಬರುತ್ತಿರುವ ಪುಟ್ಟ ಬಾಟಲಿಗಳ ಕತೆ ಬೇರೆ. ಆಸ್ತಮಾ, ಸಕ್ಕರೆ ಕಾಯಿಲೆ, ಮಕ್ಕಳ ಶೀತ ಎಲ್ಲಕ್ಕೂ ಅದೇ ಮದ್ದಂತೆ! ಕೆಲವರು ಅದಕ್ಕೆ ಸುನ್ನತ್ತಿನ ಮುದ್ರೆಯನ್ನೂ ಒತ್ತುತ್ತಾರೆ. ಇದು ಸರಿಯಲ್ಲ. ಸುಗಂಧ ಹಚ್ಚುವುದು ಸುನ್ನತ್, ಕುಡಿಸುವುದಲ್ಲ.

ಇಬ್ನ್ ಸೀನಾರ ಹೆಸರನ್ನೂ ಎಳೆದು ತರುತ್ತಾರೆ. ಅವರು ತೀರಿಕೊಂಡದ್ದು 1037ರಲ್ಲಿ. ಫ್ರಾನ್ಸಿನ ರಸಾಯನ ವಿಜ್ಞಾನಿ ಗಟ್ಟೆಫೊಸ್ಸೆ 'ಅರೋಮಾಥೆರಪಿ' ಎಂಬ ಹೆಸರಿನಲ್ಲಿ ಪುಸ್ತಕ ಪ್ರಕಟಿಸಿದ್ದು 1937ರಲ್ಲಿ.

ಈ ಎಣ್ಣೆಗಳು ತೆಂಗಿನೆಣ್ಣೆಯಂತಲ್ಲ. ಎಲೆ, ಹೂವು, ತೊಗಟೆಗಳಿಂದ ಹೆಚ್ಚಾಗಿ ಹಬೆಯಲ್ಲಿ ಬಟ್ಟಿ ಇಳಿಸಿದ ಗಟ್ಟಿ ಸಾರ. (ಕರಿಜೀರಿಗೆ ಎಣ್ಣೆ ಸಾಮಾನ್ಯವಾಗಿ ಬೀಜ ಹಿಂಡಿ ತೆಗೆದದ್ದು, ಅದರ ಜಾತಿಯೇ ಬೇರೆ. ಅದನ್ನು ಚಮಚದಲ್ಲಿ ಕುಡಿಯುವವರು ಇದನ್ನೂ ಹಾಗೆಯೇ ಕುಡಿದಾರು ಎಂಬುದೇ ನನ್ನ ಭಯ.) ನೀಲಗಿರಿ ಎಣ್ಣೆ ಒಂದು ಸಣ್ಣ ಚಮಚದಷ್ಟು ಪುಟ್ಟ ಮಗುವಿನ ಹೊಟ್ಟೆ ಸೇರಿದರೂ ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು. ಕರ್ಪೂರವೂ ಹಾಗೆಯೇ.

ತಾಯಂದಿರೇ, ಶೀತವಾದ ಹಸುಗೂಸಿನ ಎದೆಗೆ, ಮೂಗಿನ ಕೆಳಗೆ ಇವನ್ನು ಸವರುವುದು ಅಜ್ಜಿಯಂದಿರ ಕಾಲದ ರೂಢಿ. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಎರಡು ವರ್ಷದೊಳಗಿನ ಮಕ್ಕಳಿಗೆ ನೀಲಗಿರಿ, ಕರ್ಪೂರ, ಪುದೀನಾ ಎಣ್ಣೆ ಬೇಡವೇ ಬೇಡ, ಉಸಿರಿಗೇ ತೊಂದರೆಯಾಗಬಹುದು. ಮೂಗು ಕಟ್ಟಿದ್ದರೆ ವೈದ್ಯರನ್ನು ಕೇಳಿ ಉಪ್ಪುನೀರಿನ ಹನಿ ಬಿಡಿ. ಕುದಿಯುವ ನೀರಿನ ಪಾತ್ರೆಯ ಮುಂದೆ ಮಗುವನ್ನು ಕೂರಿಸಲೂ ಬೇಡಿ, ಹಬೆ ಹಿಡಿಯಲು ಹೋಗಿ ಮೈ ಸುಟ್ಟುಕೊಳ್ಳುವ ಮಕ್ಕಳಿದ್ದಾರೆ.

ಹಾಗಾದರೆ ಪ್ರಯೋಜನವೇ ಇಲ್ಲವೇ? ಇದೆ. ಲ್ಯಾವೆಂಡರ್ ಪರಿಮಳದಿಂದ ಕೆಲವರ ಆತಂಕ ತಗ್ಗುತ್ತದೆ. ದೊಡ್ಡವರು ಮೈಗೆ ಹಚ್ಚುವುದಾದರೆ ಒಂದು ಸಣ್ಣ ಚಮಚ ತೆಂಗಿನೆಣ್ಣೆಗೆ ಎರಡೇ ಹನಿ. ಮೊದಲು ತೋಳಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ನಿಂಬೆ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಬಹುದು. ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಆಸ್ತಮಾ ಇರುವವರಿಗೆ ಊದ್ ಹೊಗೆಯೇ ಕಷ್ಟ. ಅಂಥವರ ಕೈಯಿಂದ ಇನ್‌ಹೇಲರ್ ಬಿಡಿಸಿ ಎಣ್ಣೆ ಬಾಟಲಿ ಕೊಡುವುದು ನನ್ನ ಪ್ರಕಾರ ಅನ್ಯಾಯ.

ಮನೆಯಲ್ಲಿ ಬಾಟಲಿ ಇದ್ದರೆ ಇವತ್ತೇ ಮಗುವಿಗೆ ಎಟುಕದ ಕಪಾಟಿನಲ್ಲಿಟ್ಟು ಬೀಗ ಹಾಕಿ. ಅಕಸ್ಮಾತ್ ಮಗು ಕುಡಿದರೆ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಬಾಟಲಿ ಸಮೇತ ಕೂಡಲೇ ಆಸ್ಪತ್ರೆಗೆ ಹೊರಡಿ.