ಹಡಗಿನ ವಿಹಾರವೂ ಭಕ್ಷೀಸಿನ ಲೆಕ್ಕವೂ

ಹಡಗಿನ ವಿಹಾರಯಾತ್ರೆಯ ಜಾಹೀರಾತುಗಳು ಈಗ ಎಲ್ಲೆಡೆ ಕಣ್ಣಿಗೆ ಬೀಳುತ್ತಿವೆ. 'ಕ್ರೂಸ್' ಎಂಬ ಹೆಸರಿನ ಈ ಪ್ರವಾಸವು ಒಂದು ಕಾಲಕ್ಕೆ ಸಿರಿವಂತರ ಸೊತ್ತಾಗಿತ್ತು. ಇಂದು ಮುಂಬಯಿಯ ಬಂದರಿನಿಂದಲೇ ಗೋವೆಗೂ ಕೊಚ್ಚಿಗೂ ಲಕ್ಷದ್ವೀಪಕ್ಕೂ ಇಂತಹ ಹಡಗುಗಳು ಹೋಗಿಬರತೊಡಗಿದ ಮೇಲೆ, ಕಚೇರಿಯ ಗುಮಾಸ್ತರೂ ಹೊಟೇಲಿನಲ್ಲಿ ದುಡಿದು ನಾಲ್ಕು ಕಾಸು ಕೂಡಿಟ್ಟವರೂ ಹೆಂಡಿರು ಮಕ್ಕಳೊಡನೆ ಒಮ್ಮೆ ಹೋಗಿಬರಬೇಕೆಂದು ಆಸೆಪಡುತ್ತಿರುವುದು ಸಹಜವಾಗಿದೆ. ಈ ಆಸೆಯನ್ನು ನಾವು ಆಡಂಬರವೆಂದು ಹಳಿಯುವವರಲ್ಲ. ವರ್ಷವಿಡೀ ದುಡಿದವನಿಗೆ ನಾಲ್ಕು ದಿನದ ಬಿಡುವು ಅಪರಾಧವಲ್ಲ. ಆದರೆ ಹೊರಡುವ ಮುನ್ನ ಮಾಡಬೇಕಾದ ಲೆಕ್ಕಾಚಾರದ ಕುರಿತು, ವಿಶೇಷವಾಗಿ ಭಕ್ಷೀಸಿನ ಕುರಿತು, ನಮ್ಮ ವಾಚಕರೊಡನೆ ಎರಡು ಮಾತು ಆಡುವುದು ಅವಶ್ಯವೆಂದು ತೋರುತ್ತದೆ.

ಕಡಲ ಪಯಣವು ನಮ್ಮವರಿಗೆ ಹೊಸತಲ್ಲ. ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದದ್ದು 1998ರಲ್ಲಿ. ಅದಕ್ಕೆ ಎಷ್ಟೋ ಮೊದಲು, ಕರಾವಳಿಯ ನಮ್ಮ ಹಿರಿಯರಲ್ಲಿ ಅನೇಕರು ಮಂಗಳೂರಿನ ಬಂದರಿನಲ್ಲಿ ಸ್ಟೀಮರ್ ಹತ್ತಿ, ಅಟ್ಟದ ಮೇಲೆ ಚಾಪೆ ಹಾಸಿ, ಮನೆಯಿಂದ ತಂದ ಅವಲಕ್ಕಿಯನ್ನು ತಿಂದು ಈ ಮಹಾನಗರಿಗೆ ಬಂದಿಳಿದವರು. ಅಂದು ಹಡಗಿನಲ್ಲಿ ಅವರಿಗೆ ಊಟ ಬಡಿಸುವವರಾಗಲಿ, ಹಾಸಿಗೆ ಹಾಸುವವರಾಗಲಿ ಇರಲಿಲ್ಲ. ಬಂದ ಮೇಲೆ ಅವರೇ ಇನ್ನೊಬ್ಬರಿಗೆ ಬಡಿಸುವ ಮಾಣಿಗಳಾದರು. ಇಂದು ಅವರ ಮಕ್ಕಳು, ಮೊಮ್ಮಕ್ಕಳು ಅದೇ ಕಡಲಿನ ಮೇಲೆ ಬಡಿಸಿಕೊಳ್ಳುವವರಾಗಿ ಹೊರಟಿದ್ದಾರೆ. ಆದುದರಿಂದಲೇ ಭಕ್ಷೀಸಿನ ಪ್ರಶ್ನೆಯನ್ನು ಬೇರೆ ಪ್ರಯಾಣಿಕರಿಗಿಂತ ನಾವು ಹೆಚ್ಚು ತಿಳುವಳಿಕೆಯಿಂದ ನೋಡಬೇಕಾಗಿದೆ.

ಮೊದಲನೆಯದಾಗಿ, ಜಾಹೀರಾತಿನಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗುವ ದರವು ಪ್ರವಾಸದ ನಿಜವಾದ ಖರ್ಚಲ್ಲ. ಕೋಣೆಯ ಬಾಡಿಗೆಯ ಮೇಲೆ ಬಂದರಿನ ಶುಲ್ಕ ಬರುತ್ತದೆ, ತೆರಿಗೆ ಬರುತ್ತದೆ. ಸಾಮಾನ್ಯ ಊಟ ಉಪಾಹಾರಗಳು ದರದಲ್ಲಿ ಸೇರಿದ್ದರೂ ಪಾನೀಯಗಳು, ಇಂಟರ್ನೆಟ್ಟು, ವಿಶೇಷ ಭೋಜನಶಾಲೆಗಳು ಮತ್ತು ದಡದ ಮೇಲಿನ ಸುತ್ತಾಟಗಳಿಗೆ ಬಹುಮಟ್ಟಿಗೆ ಬೇರೆಯೇ ಹಣ ತೆರಬೇಕು. ಇವೆಲ್ಲದರ ಕೊನೆಯಲ್ಲಿ 'ಗ್ರಾಚ್ಯುಯಿಟಿ' ಎಂಬ ಒಂದು ಬಾಬು ಇರುತ್ತದೆ. ನೌಕರಿ ಬಿಡುವಾಗ ಕೈಗೆ ಬರುವ ಗ್ರಾಚ್ಯುಯಿಟಿಯನ್ನು ಬಲ್ಲ ನಮ್ಮ ಗುಮಾಸ್ತ ಬಂಧುಗಳು ಈ ಹೆಸರನ್ನು ಕಂಡು ಗೊಂದಲಪಡಬೇಕಾಗಿಲ್ಲ. ಹಡಗಿನ ಭಾಷೆಯಲ್ಲಿ ಇದರ ಅರ್ಥ ಭಕ್ಷೀಸು ಎಂದೇ.

ಅಮೇರಿಕೆಯ ದೊಡ್ಡ ಕಂಪೆನಿಗಳ ಹಡಗುಗಳಲ್ಲಿ ಈ ಭಕ್ಷೀಸು ಇತ್ತೀಚಿನ ವರ್ಷಗಳಲ್ಲಿ ಸಾಧಾರಣ ಕೋಣೆಗೆ ತಲೆಯೊಂದಕ್ಕೆ ದಿನಕ್ಕೆ ಸುಮಾರು 16ರಿಂದ 20 ಡಾಲರಿನಷ್ಟಿದೆ. ಮಕ್ಕಳಿಗೂ ಹೆಚ್ಚಿನ ಕಡೆ ಇದೇ ದರ. ನಾಲ್ಕು ಮಂದಿಯ ಒಂದು ಸಂಸಾರವು ನಾಲ್ಕು ದಿನ ಪ್ರಯಾಣ ಮಾಡಿದರೆ 256ರಿಂದ 320 ಡಾಲರು ಆಗುತ್ತದೆ. ಡಾಲರಿಗೆ 85 ರೂಪಾಯಿಯಂತೆ ಹಿಡಿದರೂ ಇದು 21,760ರಿಂದ 27,200 ರೂಪಾಯಿ. ಸಣ್ಣ ಸಂಬಳದವನಿಗೆ ಇದು ತಿಂಗಳ ಗಳಿಕೆಯೇ ಸರಿ. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯದೆ ಹೊರಟವರು ಕೊನೆಯ ದಿನ ಬಿಲ್ಲನ್ನು ಕಂಡು ಬೆಚ್ಚಿಬೀಳುತ್ತಾರೆ. ಹಲವು ಹಡಗುಗಳಲ್ಲಿ ವಿಚಾರಣೆಯ ಕಟ್ಟೆಗೆ ಹೋಗಿ ಕೇಳಿಕೊಂಡರೆ ಈ ಮೊತ್ತವನ್ನು ಕಡಿಮೆ ಮಾಡುತ್ತಾರೆ, ಇಲ್ಲವೇ ತೆಗೆದುಹಾಕುತ್ತಾರೆ. ಹೀಗೆ ತೆಗೆಸಿಹಾಕುವುದನ್ನೇ ಒಂದು ಜಾಣತನವೆಂದು ಹೇಳಿಕೊಡುವವರೂ ಇದ್ದಾರೆ.

ಈ ಜಾಣತನವನ್ನು ನಮ್ಮವರು ಕಲಿಯಬಾರದೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಏಕೆಂದರೆ ಆ ಹಣವು ಊಟದ ಮೇಜಿನ ಬಳಿ ನಿಂತು ನಗುವ ಒಬ್ಬನಿಗಷ್ಟೇ ಸೇರುವುದಲ್ಲ. ಸಾಮಾನ್ಯವಾಗಿ ಅದನ್ನು ಒಂದೆಡೆ ಕೂಡಿಸಿ, ಕೋಣೆ ಚೊಕ್ಕಟ ಮಾಡುವವರು, ಬಡಿಸುವವರು, ಅವರ ಸಹಾಯಕರು ಮತ್ತು ಕೆಲವೆಡೆ ತೆರೆಯ ಹಿಂದೆ ಬಟ್ಟೆ ಒಗೆಯುವವರು, ಪಾತ್ರೆ ತೊಳೆಯುವವರು ಎಲ್ಲರಿಗೂ ಹಂಚುತ್ತಾರೆ. ಇವರ ಮೂಲ ಸಂಬಳವನ್ನು ಈ ಹಣ ಬಂದೇ ಬರುತ್ತದೆಂಬ ಎಣಿಕೆಯ ಮೇಲೆ ಗೊತ್ತುಪಡಿಸಿರುವುದೂ ಉಂಟು. ಆದುದರಿಂದ ಪ್ರಯಾಣಿಕನು ಉಳಿಸಿದ ರೂಪಾಯಿಯು ಕಂಪೆನಿಯ ತಿಜೋರಿಯಿಂದ ಬಂದುದಲ್ಲ, ಕೆಲಸದವನ ಕಿಸೆಯಿಂದ ಬಂದುದು.

ಆ ಕೆಲಸದವರು ಯಾರು? ಫಿಲಿಪೈನ್ಸ್ ಹಾಗೂ ಇಂಡೋನೇಶಿಯಾದವರೊಡನೆ ಗೋವೆಯ, ಮುಂಬಯಿಯ ಮತ್ತು ನಮ್ಮದೇ ಕರಾವಳಿಯ ತರುಣರೂ ಅವರಲ್ಲಿದ್ದಾರೆ. ತಿಂಗಳುಗಟ್ಟಲೆಯ ಕರಾರಿನ ಮೇಲೆ ಮನೆಮಠ ಬಿಟ್ಟು ಹೋದವರು ಅವರು. ಕಡಲ ಕಾರ್ಮಿಕರ ಕುರಿತಾದ 2006ರ ಅಂತರರಾಷ್ಟ್ರೀಯ ಒಪ್ಪಂದವು 2013ರಲ್ಲಿ ಜಾರಿಗೆ ಬಂದಿತು. ಭಾರತವು ಅದನ್ನು 2015ರಲ್ಲಿ ಅಂಗೀಕರಿಸಿತು. ದುಡಿಮೆಯು ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ ಮೀರಬಾರದು, ಇಲ್ಲವೇ ವಿಶ್ರಾಂತಿಯು ದಿನಕ್ಕೆ 10 ಗಂಟೆಗೂ ವಾರಕ್ಕೆ 77 ಗಂಟೆಗೂ ಕಡಿಮೆಯಾಗಬಾರದು ಎಂದು ಆ ಒಪ್ಪಂದ ಹೇಳುತ್ತದೆ. ಎರಡನೆಯ ಅಳತೆಯನ್ನು ಹಿಡಿದರೆ ವಾರಕ್ಕೆ 91 ಗಂಟೆಯ ದುಡಿಮೆಯೂ ಕಾನೂನಿಗೆ ಒಪ್ಪಿಗೆಯೇ! ಕಾನೂನು ಕಾಪಾಡುವ ಮೇರೆಯೇ ಇಷ್ಟೆಂದಾದರೆ ಆ ಬದುಕು ಎಂತಹುದೆಂಬುದನ್ನು, ಬೆಳಗಿನ ಜಾವದಿಂದ ರಾತ್ರಿ ಬಾಗಿಲು ಹಾಕುವವರೆಗೆ ಹೊಟೇಲಿನಲ್ಲಿ ನಿಂತು ದುಡಿದವರಿಗೆ ನಾವು ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಹೊಟೇಲುಗಳು ಬಿಲ್ಲಿನಲ್ಲಿ ತಾವಾಗಿಯೇ ಸೇವಾಶುಲ್ಕವನ್ನು ಸೇರಿಸಕೂಡದೆಂದು ನಮ್ಮ ದೇಶದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಸೂಚನೆ ಹೊರಡಿಸಿತಲ್ಲವೇ, ದೆಹಲಿಯ ಉಚ್ಚ ನ್ಯಾಯಾಲಯವು 2025ರ ಮಾರ್ಚಿಯಲ್ಲಿ ಅದನ್ನು ಎತ್ತಿಹಿಡಿಯಿತಲ್ಲವೇ, ಹಾಗಿರುವಾಗ ಹಡಗಿನವರು ಹೇಳಿದುದನ್ನು ನಾವೇಕೆ ತೆರಬೇಕು ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಭಕ್ಷೀಸು ಮನಸ್ಸಂತೋಷದಿಂದ ಕೊಡುವ ವಸ್ತುವೇ ಹೊರತು ಬಲವಂತದ ತೆರಿಗೆಯಲ್ಲ ಎಂಬ ತತ್ತ್ವವನ್ನು ನಾವೂ ಒಪ್ಪುತ್ತೇವೆ. ಆದರೆ ವಿದೇಶೀ ಹಡಗಿನ ಟಿಕೇಟು ಕೊಳ್ಳುವಾಗ ಈ ಬಾಬನ್ನು ನಮಗೆ ಮೊದಲೇ ತಿಳಿಸಿರುತ್ತಾರೆ. ಆ ಷರತ್ತನ್ನು ಅರಿತು ಹಡಗು ಹತ್ತಿ, ಸೇವೆಯನ್ನೆಲ್ಲ ಪಡೆದು, ಇಳಿಯುವ ಹಿಂದಿನ ರಾತ್ರಿ ಕೈ ಹಿಂದೆಗೆಯುವುದು ತತ್ತ್ವನಿಷ್ಠೆಯೆನಿಸದು. ವ್ಯವಸ್ಥೆ ತಪ್ಪಾಗಿದ್ದರೆ ಅದನ್ನು ಕಂಪೆನಿಯೊಡನೆ ವಾದಿಸಬೇಕು. ಮಾಣಿಯ ಪಾಲನ್ನು ಕಿತ್ತುಕೊಂಡು ವಾದಿಸುವುದು ನ್ಯಾಯವಲ್ಲ.

ವ್ಯವಸ್ಥೆಯಲ್ಲಿ ತಪ್ಪಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಕೆಲಸದವನಿಗೆ ಸಂಬಳ ಕೊಡುವುದು ಮಾಲೀಕನ ಹೊಣೆ. ಅದನ್ನು ಗಿರಾಕಿಯ ಔದಾರ್ಯದ ಮೇಲೆ ಹೊರಿಸಿ, ಕಡಿಮೆ ದರದ ಜಾಹೀರಾತು ಕೊಡುವುದು ಇಬ್ಬರಿಗೂ ಮಾಡುವ ಅನ್ಯಾಯ. ಬೇರೆ ದಾರಿಯಿಲ್ಲವೆಂಬ ಮಾತು ಸುಳ್ಳು. ಬ್ರಿಟನ್ನಿನ ಹಳೆಯ ಪಿ. ಎಂಡ್ ಓ. ಕಂಪೆನಿಯು 2019ರಲ್ಲಿ ತನ್ನ ವಿಹಾರದ ಹಡಗುಗಳಲ್ಲಿ ದಿನದಿನದ ಸೇವಾಶುಲ್ಕವನ್ನು ಕೈಬಿಟ್ಟು ಅದನ್ನು ದರದಲ್ಲಿಯೇ ಅಡಕಗೊಳಿಸಿತು. ಅದೇ ದೇಶದಲ್ಲಿ 2024ರ ಅಕ್ಟೋಬರದಿಂದ ಜಾರಿಗೆ ಬಂದ ಶಾಸನವು, ಕೆಲಸದವರಿಗೆಂದು ಬಂದ ಟಿಪ್ಸ್ ಹಣವನ್ನು ಮಾಲೀಕರು ತಮ್ಮಲ್ಲಿ ಇಟ್ಟುಕೊಳ್ಳದೆ ನ್ಯಾಯವಾಗಿ ಹಂಚಬೇಕೆಂದು ವಿಧಿಸಿದೆ. ನಮ್ಮ ದೇಶದ ಬಂದರುಗಳಿಂದ ಹೊರಡುವ ಹಡಗುಗಳಲ್ಲಿಯೂ ನಮ್ಮ ಹೊಟೇಲುಗಳಲ್ಲಿಯೂ ಇಂತಹ ಸ್ಪಷ್ಟತೆ ಬರಬೇಕು. ಟಿಕೇಟು ಕೊಳ್ಳುವಾಗಲೇ ಪ್ರಯಾಣಿಕನು, "ಭಕ್ಷೀಸು ಈ ದರದಲ್ಲಿ ಸೇರಿದೆಯೇ? ಸೇರಿದ್ದರೆ ಅದು ಯಾರಿಗೆ ಸಲ್ಲುತ್ತದೆ?" ಎಂದು ಕೇಳಬೇಕು. ಕೇಳುವವರು ಹೆಚ್ಚಿದಷ್ಟೂ ಉತ್ತರ ಕೊಡುವ ಅಭ್ಯಾಸ ಬೆಳೆಯುತ್ತದೆ. ಅದು ದರದಲ್ಲಿ ಸೇರಿದ್ದರೆ ಮತ್ತೆ ಕೊಡಲೇಬೇಕೆಂಬ ಸಂಕೋಚ ಬೇಡ. ಯಾರಾದರೂ ವಿಶೇಷ ಆರೈಕೆ ಮಾಡಿದ್ದರೆ ಅವರ ಕೈಗೇ ಅಷ್ಟಿಷ್ಟು ನಗದು ಕೊಡುವುದು ಸಂತೋಷದ ವಿಷಯ.

ಇನ್ನು ಹಡಗು ಹತ್ತುವ ಹಿಂದಿನ ದಿನದ ವಸತಿಯ ಮಾತು. ರೈಲು ತಪ್ಪಿದರೆ ಮುಂದಿನ ರೈಲು ಇದೆ, ಹಡಗು ತಪ್ಪಿದರೆ ಕೊಟ್ಟ ಹಣವೂ ಹೋಯಿತು, ರಜೆಯೂ ಹೋಯಿತು. ಹಡಗು ಬಿಡುವ ಗಂಟೆಗೆ ಸಾಕಷ್ಟು ಮೊದಲೇ ಹತ್ತುವ ಬಾಗಿಲು ಮುಚ್ಚುತ್ತದೆ. ಪುಣೆ, ಹೈದರಾಬಾದು, ದೆಹಲಿಗಳಿಂದ ಬರುವ ನಮ್ಮ ಬಂಧುಗಳು ಅದೇ ದಿನ ಬೆಳಿಗ್ಗೆ ಮುಂಬಯಿಗೆ ಬಂದಿಳಿದು ನೇರವಾಗಿ ಬಲ್ಲಾರ್ಡ್ ಪಿಯರಿಗೆ ಓಡುವ ಸಾಹಸಕ್ಕೆ ಕೈಹಾಕಬಾರದು. ಒಂದು ದಿನ ಮೊದಲೇ ಬಂದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಇಲ್ಲವೇ ಕೋಟೆಯ ಆಸುಪಾಸಿನಲ್ಲಿ ತಂಗುವುದು ಲೇಸು. ಡೊಂಬಿವಿಲಿಯಲ್ಲೋ ಕಾಂದಿವಲಿಯಲ್ಲೋ ನೆಂಟರ ಮನೆಯಿದ್ದರೆ ಬಾಡಿಗೆ ಉಳಿಯುವುದು ನಿಜ. ಆದರೆ ಹಡಗು ಹೊರಡುವುದು ಭಾನುವಾರವಾದರೆ ಲೋಕಲ್ ಗಾಡಿಗಳ ಮೆಗಾಬ್ಲಾಕನ್ನು ಮರೆಯಕೂಡದು. ಒಂದು ರಾತ್ರಿಯ ಬಾಡಿಗೆಯನ್ನು ದುಂದೆಂದು ತಿಳಿಯದೆ ಪ್ರವಾಸದ ಮೂಲ ಖರ್ಚೆಂದೇ ಬರೆದುಕೊಳ್ಳಬೇಕು. ಆ ವಸತಿಗೃಹದ ಕೋಣೆಯ ಹುಡುಗನನ್ನೂ ಅದೇ ಲೆಕ್ಕದಲ್ಲಿ ಸೇರಿಸಿದರೆ ಇನ್ನೂ ಒಳ್ಳೆಯದು.

ಸಿಂಗಾಪುರದಿಂದ ಹಡಗು ಹತ್ತುವವರಿಗಂತೂ ಈ ಎಚ್ಚರಿಕೆ ಇಮ್ಮಡಿಯಾಗಿ ಬೇಕು. ಅಲ್ಲಿ ಹಡಗಿನ ನಿಲ್ದಾಣಗಳು ಎರಡಿವೆ, ಒಂದು ಮರೀನಾ ಬೇಯಲ್ಲಿ, ಇನ್ನೊಂದು ಹಾರ್ಬರ್‌ಫ್ರಂಟಿನಲ್ಲಿ. ತಮ್ಮ ಹಡಗು ಯಾವ ಕಡೆಯದೆಂದು ನೋಡಿಕೊಂಡೇ ವಸತಿಯನ್ನು ಗೊತ್ತುಮಾಡಬೇಕು. ಹಡಗು ಆ ದೇಶವನ್ನು ಬಿಟ್ಟು ಮರಳಿ ಅಲ್ಲಿಗೇ ಬರುವುದರಿಂದ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಲು ಅನುಮತಿಯಿರುವ ವೀಸಾ ಇರಬೇಕು.

ಈ ಲೆಕ್ಕವೆಲ್ಲ ಸೇರಿ ಕಿಸೆಗೆ ಮೀರುವುದಾದರೆ ಪ್ರವಾಸವನ್ನು ಒಂದು ವರ್ಷ ಮುಂದೂಡಬಹುದು, ನಾಲ್ಕು ರಾತ್ರಿಯ ಬದಲು ಎರಡು ರಾತ್ರಿಯ ಪ್ರವಾಸಕ್ಕೆ ಹೋಗಬಹುದು, ಕಿಟಕಿಯ ಕೋಣೆಯ ಬದಲು ಒಳಕೋಣೆ ಹಿಡಿಯಬಹುದು. ಅದರಲ್ಲಿ ಅವಮಾನವೇನೂ ಇಲ್ಲ. ಎಲ್ಲ ಬಾಬನ್ನೂ ಹಾಗೆಯೇ ಇರಿಸಿಕೊಂಡು, ಬಡಿಸಿದವನ ಪಾಲನ್ನು ಮಾತ್ರ ಹೊಡೆದುಹಾಕುವುದೇ ಅವಮಾನ. ಬಡಿಶೇಪಿನ ತಟ್ಟೆಯಲ್ಲಿ ಗಿರಾಕಿ ಬಿಟ್ಟುಹೋದ ಚಿಲ್ಲರೆಯಿಂದ ರಾತ್ರಿಶಾಲೆಯ ಪುಸ್ತಕ ಕೊಂಡವರು, ಊರಿನ ತಾಯಿಗೆ ಮನಿಯಾರ್ಡರು ಮಾಡಿದವರು ನಮ್ಮ ಸಮಾಜದಲ್ಲಿ ಸಾವಿರಗಟ್ಟಲೆ ಇದ್ದಾರೆ. ಆ ಚಿಲ್ಲರೆಯ ಬೆಲೆಯನ್ನು ಅವರಷ್ಟು ಬಲ್ಲವರು ಬೇರಿಲ್ಲ. ಅವರ ಮನೆಯವರು ಹಡಗಿನಿಂದ ಇಳಿಯುವಾಗ, ಮೇಜು ಒರೆಸಿದ ಆ ಪರದೇಶದ ಹುಡುಗನು ಅವರನ್ನು ಒಳ್ಳೆಯ ಮಾತಿನಿಂದ ನೆನೆಯುವಂತಿರಲಿ ಎಂಬುದೇ ನಮ್ಮ ಬಯಕೆ.